ಪರ್ಕೇಲ್ ಬೆಡ್‌ಶೀಟು: ಸುಕ್ಕು, ಹಳದಿ ಮತ್ತು 1000 ಕೌಂಟಿನ ಲೆಕ್ಕ

ಪ್ರಶ್ನೆ: ಕಳೆದ ವರ್ಷ ಮಗಳು, ಅಳಿಯ ಬರುತ್ತಾರೆಂದು ಎರಡು ಬಿಳಿ ಬೆಡ್‌ಶೀಟ್ ಸೆಟ್ ಕೊಂಡೆ. ಒಂದೊಂದಕ್ಕೆ 3,800 ರೂಪಾಯಿ. ಪ್ಯಾಕೆಟ್ ಮೇಲೆ ‘ಶುದ್ಧ ಹತ್ತಿ, ಪರ್ಕೇಲ್, 220 ಥ್ರೆಡ್ ಕೌಂಟ್’ ಎಂದಿತ್ತು. ದೊಡ್ಡ ಹೋಟೆಲುಗಳಲ್ಲಿ ಹಾಸುವುದು ಇದನ್ನೇ ಅಂತ ಅಂಗಡಿಯವರು ಹೇಳಿದರು. ಮೊದಲ ರಾತ್ರಿ ಮಗ್ಗುಲು ಬದಲಿಸಿದರೆ ಸಾಕು, ಕಾಗದದ ಹಾಗೆ ಸರಸರ ಸದ್ದು. ಒಗೆದ ಮೇಲೆ ಮುದ್ದೆಮಾಡಿ ಬಿಸಾಡಿದ ಪೇಪರಿನ ಹಾಗೆ ಸುಕ್ಕು. 108 ಇಂಚು ಇದ್ದದ್ದು 104ಕ್ಕೆ ಇಳಿಯಿತು. ನಮ್ಮದು ಬೋರ್‌ವೆಲ್ ನೀರು. ಎಂಟು ತಿಂಗಳಲ್ಲಿ ತಲೆ ಇಡುವ ಕಡೆ ಹಳದಿ, ಉಳಿದ ಕಡೆ ಮಾಸಲು ಬೂದು. ಬ್ಲೀಚ್ ಹಾಕಿದೆ. ಮೊದಲ ಸಲ ಬೆಳ್ಳಗಾಯಿತು, ಆಮೇಲೆ ಇನ್ನಷ್ಟು ಹಳದಿಗೆ ತಿರುಗಿತು. ಈಗ ಒಂದು ಶೀಟು ನಟ್ಟನಡುವೆ ಗೇಣುದ್ದ ಹರಿದಿದೆ. ಪಕ್ಕದ ಮನೆಯವರದು 1000 ಕೌಂಟಿನದಂತೆ, ಮುಟ್ಟಿದರೆ ಬೆಣ್ಣೆ. ನಾನು ಮೋಸ ಹೋದೆನಾ? ಇರುವುದನ್ನು ಉಳಿಸಿಕೊಳ್ಳಲು ದಾರಿ ಇದೆಯಾ? ಹೊಸದು ಕೊಳ್ಳುವುದಾದರೆ 1000 ಕೌಂಟಿನದೋ, ರಿಂಕಲ್ ಫ್ರೀ ಅನ್ನುತ್ತಾರಲ್ಲ ಅದೋ?

— ತುಮಕೂರಿನ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರ ಒಂದೇ ದೂರಿನ ಹಾಗೆ ಕಂಡರೂ ಅದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಗಂಟುಬಿದ್ದಿವೆ. ಸದ್ದು, ಸುಕ್ಕು ಆ ಬಟ್ಟೆಯ ಹುಟ್ಟುಗುಣ. 220, 1000 ಎಂಬುದು ಮಾರುವವರ ಲೆಕ್ಕ. ಹಳದಿ, ಬೂದು, ಹರುಕು ಇವು ನೀರು ಮತ್ತು ಬ್ಲೀಚ್ ಸೇರಿ ಮಾಡಿದ ಕೆಲಸ. ಮೊದಲನೆಯದಕ್ಕೆ ಮದ್ದು ಬೇಕಿಲ್ಲ. ಎರಡನೆಯದರಲ್ಲಿ ನೀವು ಮೋಸ ಹೋಗಿಲ್ಲ. ಮೂರನೆಯದರಲ್ಲಿ ಹರಿದ ಶೀಟೊಂದನ್ನು ಬಿಟ್ಟು ಉಳಿದದ್ದನ್ನು ಬಹುಮಟ್ಟಿಗೆ ಸರಿಮಾಡಿಕೊಳ್ಳಬಹುದು. ನಾನು ಹನ್ನೊಂದು ವರ್ಷ ಮಿಲ್ಲಿನ ಪ್ರೊಸೆಸಿಂಗ್ ವಿಭಾಗದಲ್ಲಿ, ಆಮೇಲೆ ಹೋಟೆಲ್ ಲಾಂಡ್ರಿಗಳಲ್ಲಿ ಇಂಥ ಬಿಳಿ ಬಟ್ಟೆಗಳ ನಡುವೆಯೇ ಕಳೆದವನು. ನಿಮ್ಮ ಪತ್ರದಲ್ಲಿರುವ ಒಂದೊಂದು ತೊಂದರೆಯನ್ನೂ ಕೈಯಾರೆ ಮುಟ್ಟಿ ನೋಡಿದ್ದೇನೆ.

ಪರ್ಕೇಲ್ ಅಂದರೆ ಏನು ಅನ್ನುವುದರಿಂದಲೇ ಶುರುಮಾಡೋಣ. ಅದು ಹತ್ತಿಯ ಜಾತಿಯ ಹೆಸರಲ್ಲ, ಕಂಪನಿಯ ಹೆಸರೂ ಅಲ್ಲ. ಒಂದು ಬಗೆಯ ನೇಯ್ಗೆ. ಉದ್ದಕ್ಕೆ ಹಾಯುವ ಹಾಸಿನ ಒಂದು ಎಳೆಯ ಮೇಲೆ ಅಡ್ಡಕ್ಕೆ ಹಾಯುವ ಹೊಕ್ಕಿನ ಒಂದು ಎಳೆ, ಮುಂದಿನದರ ಕೆಳಗೆ ಒಂದು, ಹೀಗೆ ಬಿದಿರಿನ ತಡಿಕೆ ಹೆಣೆದ ಹಾಗೆ. ಖಾದಿ, ಮಲ್ಲು, ಪಂಚೆ ಎಲ್ಲಕ್ಕೂ ಇದೇ ನೇಯ್ಗೆ. ಪರ್ಕೇಲ್ ಅನ್ನಿಸಿಕೊಳ್ಳಬೇಕಾದರೆ ನೂಲು ಸಣ್ಣದಿರಬೇಕು, ಬಾಚಿ ಗಿಡ್ಡ ನಾರು ತೆಗೆದದ್ದಾಗಿರಬೇಕು, ಎಳೆಗಳು ಒತ್ತಾಗಿ ಕೂರಬೇಕು. ಹಾಸು ಹೊಕ್ಕು ಎರಡೂ ಸೇರಿ ಚದರ ಇಂಚಿಗೆ ಸುಮಾರು 180ಕ್ಕಿಂತ ಮೇಲಿದ್ದರೆ ಆ ಹೆಸರು ಸಲ್ಲುತ್ತದೆ. ಹೆಸರು ಫ್ರೆಂಚರ ಮೂಲಕ ಬಂದದ್ದು, ಅದರ ಹಿಂದೆ ಪರ್ಶಿಯನ್ ಪದವೊಂದಿದೆ. ಬಟ್ಟೆ ಮಾತ್ರ ನಮ್ಮದೇ. 17 ಮತ್ತು 18ನೇ ಶತಮಾನಗಳಲ್ಲಿ ಇಲ್ಲಿಂದ ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು. ಮುಂದೆ ಫ್ರಾನ್ಸಿನವರೇ ನೇಯತೊಡಗಿದರು.

ನಿಮ್ಮ ಪಕ್ಕದ ಮನೆಯವರದು ಬಹುತೇಕ ಸ್ಯಾಟೀನ್ ಇರಬೇಕು. ಅದರಲ್ಲಿ ಎಳೆ ನಾಲ್ಕರ ಮೇಲೆ ಹಾದು ಒಂದರ ಕೆಳಗೆ ಇಳಿಯುತ್ತದೆ. ಉದ್ದುದ್ದ ತೇಲುವ ಎಳೆಗಳು ಬೆಳಕು ಹಿಡಿದು ಹೊಳೆಯುತ್ತವೆ, ಕೈಗೆ ನುಣುಪಾಗಿ ಸಿಗುತ್ತವೆ. ಆದರೆ ಅದೇ ತೇಲುವ ಎಳೆ ಬಳೆಗೆ, ಕಾಲುಂಗುರಕ್ಕೆ, ಒರಟು ಹಿಮ್ಮಡಿಗೆ ಸಿಕ್ಕಿಕೊಳ್ಳುತ್ತದೆ, ಉಜ್ಜಿ ಉಜ್ಜಿ ಗುಂಜು ಏಳುತ್ತದೆ. ಮೈಗೆ ಹೆಚ್ಚು ಅಂಟಿಕೊಳ್ಳುವುದರಿಂದ ಬೆಚ್ಚಗೂ ಇರುತ್ತದೆ. ಪರ್ಕೇಲ್ ಹಾಗಲ್ಲ. ಅದರ ಮೇಲ್ಮೈಯನ್ನು ಭೂತಗನ್ನಡಿಯಲ್ಲಿ ನೋಡಿ: ಸಾಲುಸಾಲು ಸಣ್ಣ ಗುಡ್ಡಗಳು ಕಾಣುತ್ತವೆ. ಮೈ ತಾಗುವುದು ಆ ಗುಡ್ಡಗಳ ನೆತ್ತಿಗೆ ಮಾತ್ರ. ನಡುವಿನ ಸಂದಿಯಲ್ಲಿ ಗಾಳಿ ಆಡುತ್ತದೆ, ಬೆವರು ಆವಿಯಾಗಿ ಹೋಗುತ್ತದೆ. ಏಪ್ರಿಲ್ ತಿಂಗಳ ರಾತ್ರಿ ದಿಂಬು ತಿರುವಿ ತಣ್ಣನೆಯ ಮಗ್ಗುಲು ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಬಟ್ಟೆ ನಾನು ಕಂಡಿಲ್ಲ.

ಇನ್ನು ಆ ಸರಸರ ಸದ್ದು. ಅದರಲ್ಲಿ ಅರ್ಧ ನೇಯ್ಗೆಯ ಬಿಗುವು, ಇನ್ನರ್ಧ ಕಾರ್ಖಾನೆಯದು. ಮಗ್ಗದಲ್ಲಿ ತುಂಡಾಗದಿರಲಿ ಎಂದು ಹಾಸಿನ ನೂಲಿಗೆ ಗಂಜಿ ಕುಡಿಸುತ್ತಾರೆ. ನೇಯ್ದ ಮೇಲೆ ಅದನ್ನು ಕಿಣ್ವ ಹಾಕಿ ತೊಳೆದು ತೆಗೆದರೂ ಕೊನೆಯಲ್ಲಿ ಒತ್ತು ಉರುಳೆಗಳ ನಡುವೆ ಬಟ್ಟೆಯನ್ನು ಚಪ್ಪಟೆ ಮಾಡಿ, ಕೆಲವೊಮ್ಮೆ ಮತ್ತೆ ಒಂದಿಷ್ಟು ಗಂಜಿ ಕೊಟ್ಟು ಕಳಿಸುತ್ತಾರೆ. ಐದಾರು ಒಗೆತಕ್ಕೆ ಇದು ಹೋಗುತ್ತದೆ. ಒಳ್ಳೆಯ ಪರ್ಕೇಲ್ ಒಗೆದಷ್ಟೂ ಮೆತ್ತಗಾಗುತ್ತದೆ. ಅಂಗಡಿಯಲ್ಲೇ ಬೆಣ್ಣೆಯಂತಿರುವ ಅಗ್ಗದ ಶೀಟುಗಳಲ್ಲಿ ಬಹಳ ಸಲ ಇದು ತಿರುವುಮುರುವು: ಅಲ್ಲಿ ಮೆದುಪು ಸಿಲಿಕೋನ್ ಸಾಫ್ಟ್‌ನರ್‌ನದು. ಅದು ಹತ್ತು ಒಗೆತಕ್ಕೆ ಕೊಚ್ಚಿಹೋದ ಮೇಲೆ ಒಳಗಿನ ಗಿಡ್ಡ ನಾರಿನ ಒರಟು ಹೊರಬರುತ್ತದೆ.

ಸುಕ್ಕಿನ ವಿಚಾರವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಇದು ಗೊತ್ತಾದರೆ ಇಸ್ತ್ರಿಯ ಕೆಲಸ ಮುಕ್ಕಾಲು ಪಾಲು ಕಡಿಮೆಯಾಗುತ್ತದೆ. ಹತ್ತಿಯ ನಾರು ಸೆಲ್ಯುಲೋಸ್ ಎಂಬ ಉದ್ದ ಸರಪಳಿಗಳ ಕಟ್ಟು. ಒಣಗಿದ್ದಾಗ ಸರಪಳಿಗಳು ಪಕ್ಕಪಕ್ಕದಲ್ಲಿ ಸಣ್ಣ ಸಣ್ಣ ಬಂಧಗಳಿಂದ ಕೈಹಿಡಿದು ನಿಂತಿರುತ್ತವೆ. ನೀರು ಒಳಹೊಕ್ಕರೆ ಆ ಹಿಡಿತ ಬಿಡುತ್ತದೆ, ಸರಪಳಿಗಳು ಜರುಗುತ್ತವೆ. ಆಮೇಲೆ ಯಾವ ಭಂಗಿಯಲ್ಲಿ ಒಣಗುತ್ತವೋ ಅದೇ ಭಂಗಿಯಲ್ಲಿ ಮತ್ತೆ ಕೈಹಿಡಿಯುತ್ತವೆ. ಅಂದರೆ ಸುಕ್ಕು ಹುಟ್ಟುವುದು ಒಗೆಯುವಾಗಲ್ಲ, ಒಣಗುವಾಗ. ಒಂದರ ಮೇಲೊಂದು ಹೆಣೆದ ಪರ್ಕೇಲ್‌ನಲ್ಲಿ ಎಳೆಗೆ ಸರಿದಾಡಲು ಜಾಗವಿಲ್ಲ, ಹಾಗಾಗಿ ಬಿದ್ದ ಮಡಿಕೆ ಅಲ್ಲೇ ಕೂರುತ್ತದೆ.

ಮೆಷಿನ್ ನಿಂತ ಮೇಲೆ ಶೀಟನ್ನು ಒಳಗೇ ಒಂದು ಗಂಟೆ ಬಿಟ್ಟರೆ, ಹಿಂಡಿದ ಮುದ್ದೆಯ ಆಕಾರದಲ್ಲೇ ಅದು ಒಣಗಲು ಶುರುವಾಗುತ್ತದೆ. ತಕ್ಷಣ ತೆಗೆಯಿರಿ. ಸ್ಪಿನ್ ವೇಗ 600 ರಿಂದ 800ರಲ್ಲಿರಲಿ, 1200 ಬೇಡ. ನಮ್ಮಮ್ಮ ಮಾಡುತ್ತಿದ್ದದ್ದು ನೆನಪಾಗುತ್ತದೆ: ಹಿತ್ತಲಿನಲ್ಲಿ ನಾನೊಂದು ತುದಿ, ಅವಳೊಂದು ತುದಿ. ಎರಡೆರಡು ಮೂಲೆ ಹಿಡಿದು ಎದುರುಬದುರು ನಿಂತು, ‘ಹೂಂ’ ಅಂದೊಡನೆ ಇಬ್ಬರೂ ಹಿಂದಕ್ಕೆ ವಾಲಿ ಒಮ್ಮೆ ಜೋರಾಗಿ ಎಳೆಯಬೇಕು. ಪಟ್ಟನೆ ಒಂದು ಸದ್ದು, ಮುಖದ ಮೇಲೆ ಸಣ್ಣ ತುಂತುರು. ಆಮೇಲೆ ಮೂಲೆ ಬದಲಿಸಿ ಅಡ್ಡಕ್ಕೆ ಎಳೆಯಬೇಕು. ಹಾಗೆ ಎಳೆದು ತಂತಿಯ ಮೇಲೆ ಅಂಚು ನೇರ ಮಾಡಿ ಹರವಿದ ಬಟ್ಟೆ ಇಸ್ತ್ರಿ ಕಾಣದೆಯೂ ಮಂಚದ ಮೇಲೆ ಕೂರುವಂತಾಗುತ್ತಿತ್ತು. ದೊಡ್ಡ ಲಾಂಡ್ರಿಗಳಲ್ಲಿ ಕಾದ ಉರುಳೆ ಮಾಡುವುದೂ ಇದನ್ನೇ. ಹೋಟೆಲಿನ ಶೀಟು ಗರಿಗರಿ ಇರುವುದು ಬಟ್ಟೆ ಬೇರೆ ಎಂದಲ್ಲ, ಒದ್ದೆಯಿರುವಾಗಲೇ ಅದನ್ನು ಬಿಗಿಯಾಗಿ ಹಿಡಿದು ಒಣಗಿಸುತ್ತಾರೆ ಎಂದು. ಮನೆಯಲ್ಲಿ ಇಸ್ತ್ರಿ ಮಾಡಲೇಬೇಕಿದ್ದರೆ ಪೂರ್ತಿ ಒಣಗುವ ಮೊದಲೇ, ಕೈಗೆ ತಂಪು ತಾಗುತ್ತಿರುವಾಗಲೇ ಮಾಡಿ. ಒಣಗಿ ಕಡ್ಡಿಯಾದ ಮೇಲೆ ಎಷ್ಟು ಒತ್ತಿದರೂ ಅದು ಮಾತು ಕೇಳುವುದಿಲ್ಲ, ನೀರು ಚಿಮುಕಿಸಿ ಹತ್ತು ನಿಮಿಷ ಸುತ್ತಿಡಬೇಕಾಗುತ್ತದೆ.

ರಿಂಕಲ್ ಫ್ರೀ ಬಟ್ಟೆಯಲ್ಲಿ ಆ ಸರಪಳಿಗಳ ನಡುವೆ ಒಂದು ರಾಳದಿಂದ ಶಾಶ್ವತವಾದ ಹೊಲಿಗೆ ಹಾಕಿರುತ್ತಾರೆ, ನೀರು ಬಂದರೂ ಜರುಗದಂತೆ. ಸುಕ್ಕು ನಿಜವಾಗಿಯೂ ಕಡಿಮೆಯಾಗುತ್ತದೆ. ಆದರೆ ಜರುಗಲಾರದ ನಾರು ಬಳುಕಲಾರದು, ಬಳುಕಲಾರದ್ದು ಬೇಗ ಮುರಿಯುತ್ತದೆ. ಈ ಸಂಸ್ಕರಣದಲ್ಲಿ ಹತ್ತಿ ಗಣನೀಯವಾಗಿ ಬಲ ಕಳೆದುಕೊಳ್ಳುತ್ತದೆ, ಬೆವರು ಹೀರುವುದೂ ತಗ್ಗುತ್ತದೆ. ಬಳಸುವ ರಾಳಗಳಲ್ಲಿ ಬಹುಪಾಲು ಫಾರ್ಮಾಲ್ಡಿಹೈಡ್ ಆಧಾರದವು. ಚರ್ಮ ಸೂಕ್ಷ್ಮವಿರುವವರಿಗೆ ತುರಿಕೆ ಬರಬಹುದು, ಕೊಂಡರೆ ಬಳಸುವ ಮೊದಲು ಎರಡು ಸಲ ಒಗೆಯಲೇಬೇಕು. ಒಬ್ಬರೇ ಇದ್ದು ಇಸ್ತ್ರಿಗೆ ಬಿಡುವಿಲ್ಲದವರು ತಿಳಿದೇ ಈ ಆಯ್ಕೆ ಮಾಡಿಕೊಂಡರೆ ನನ್ನ ಆಕ್ಷೇಪವಿಲ್ಲ. ತುಮಕೂರಿನ ಸೆಕೆಗೆ, ಅದರಲ್ಲೂ ವಯಸ್ಸಾದವರ ಹಾಸಿಗೆಗೆ ನಾನು ಹೇಳಲಾರೆ.

ಈಗ ಆ 1000. ಥ್ರೆಡ್ ಕೌಂಟ್ ಎಂದರೆ ಒಂದು ಚದರ ಇಂಚಿನಲ್ಲಿ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು, ಅವೆರಡರ ಮೊತ್ತ. ನಿಮ್ಮ 220 ಅಂದರೆ 120ಕ್ಕೆ 100 ಸೇರಿದ್ದು ಇರಬಹುದು. ನೂಲಿನ ಸಣ್ಣತನಕ್ಕೆ ಬೇರೆಯೇ ಅಳತೆ: ಒಂದು ಪೌಂಡ್ ಹತ್ತಿಯಿಂದ 840 ಗಜದ ಲಡಿಗಳು ಎಷ್ಟು ಬರುತ್ತವೆ ಅನ್ನುವುದು. 60 ಲಡಿ ಬಂದರೆ 60ರ ನೂಲು. ಸಂಖ್ಯೆ ಏರಿದಷ್ಟೂ ನೂಲು ತೆಳು. ಈಗ ಯೋಚಿಸಿ, ಒಂದರ ಮೇಲೊಂದು ಹಾಯುವ ನೇಯ್ಗೆಯಲ್ಲಿ ಎರಡು ಎಳೆಗಳ ನಡುವೆ ಇನ್ನೊಂದು ನುಸುಳಲು ಜಾಗ ಬೇಕೇ ಬೇಕು. 60, 80ರ ನೂಲಿನಲ್ಲಿ ಎಷ್ಟೇ ಒತ್ತಿದರೂ 300ರ ಆಸುಪಾಸಿಗೆ ಬಟ್ಟೆ ತುಂಬಿಹೋಗುತ್ತದೆ. ತೀರಾ ಸಣ್ಣ ನೂಲು ಹಾಕಿದರೆ 400 ಮುಟ್ಟಬಹುದು. 1000 ಎಳೆ ಕೂರಲು ಆ ಇಂಚಿನಲ್ಲಿ ಸ್ಥಳವೇ ಇಲ್ಲ.

ಮತ್ತೆ ಪ್ಯಾಕೆಟ್ ಮೇಲೆ ಹೇಗೆ ಬಂತು? ಸಡಿಲವಾದ, ಬಹುತೇಕ ಸ್ಯಾಟೀನ್ ನೇಯ್ಗೆಯಲ್ಲಿ ಒಂದೇ ದಾರಿಯಲ್ಲಿ ಮೂರು ನಾಲ್ಕು ತೆಳು ಹೊಕ್ಕುಗಳನ್ನು ಒಟ್ಟಿಗೆ ಸೇರಿಸಿ ಹಾಯಿಸುತ್ತಾರೆ. ಇಲ್ಲವೇ ಎರಡು ಎಳೆ ಹುರಿಮಾಡಿದ ನೂಲನ್ನು ಎರಡು ಎಂದು ಎಣಿಸುತ್ತಾರೆ. ನೂರು ಹಗ್ಗಗಳನ್ನು ತೋರಿಸಿ, ಒಳಗಿನ ಪುರಿಗಳನ್ನೆಲ್ಲ ಎಣಿಸಿ ಐನೂರು ಹಗ್ಗ ಎಂದ ಹಾಗೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2005ರಲ್ಲೇ ಇಂಥ ಎಣಿಕೆ ಗ್ರಾಹಕರನ್ನು ದಾರಿತಪ್ಪಿಸಬಹುದು ಎಂದು ಅಭಿಪ್ರಾಯ ಕೊಟ್ಟಿತ್ತು. ನಿಮ್ಮ ನೆರೆಯವರ ಶೀಟು ಕೆಟ್ಟದು ಎಂದು ನಾನು ಹೇಳುತ್ತಿಲ್ಲ, ಅದನ್ನು ನೋಡಿಲ್ಲ. ಆ ಅಂಕಿಯಿಂದ ಅದರ ಗುಣ ಗೊತ್ತಾಗುವುದಿಲ್ಲ, ಅಷ್ಟೇ. ಸೊನ್ನೆ ಕೂಡಿದಷ್ಟೂ ಬಟ್ಟೆ ದಪ್ಪವಾಗಿ, ಭಾರವಾಗಿ, ಸೆಕೆ ಹೆಚ್ಚುತ್ತದೆ ಎಂಬುದು ಮಾತ್ರ ಖಚಿತ. ನಿಮ್ಮ 220 ಪ್ರಾಮಾಣಿಕ ಅಂಕಿ.

ಗುಣ ಇರುವುದು ನಾರಿನ ಉದ್ದದಲ್ಲಿ. ನಮ್ಮ ದೇಶದಲ್ಲಿ ಹೆಚ್ಚಾಗಿ ಬೆಳೆಯುವ ಹತ್ತಿಯ ನಾರು 28ರಿಂದ 30 ಮಿಲಿಮೀಟರ್. 32.5 ದಾಟಿದರೆ ಅತಿ ಉದ್ದದ ನಾರು ಎನ್ನುತ್ತೇವೆ. ನೂಲಿನ ಮೈಯಿಂದ ಹೊರಗೆ ಇಣುಕುವುದು ನಾರಿನ ತುದಿಗಳು. ನಾರು ಉದ್ದವಾದಷ್ಟೂ ತುದಿಗಳು ಕಡಿಮೆ, ಹಾಗಾಗಿ ನೂಲು ನುಣುಪು, ಬಲ ಹೆಚ್ಚು, ಗುಂಜು ಕಡಿಮೆ. ಇಲ್ಲಿ ಧಾರವಾಡದ ಹೆಸರು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರ್ಕಿ ಅವರು 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಜಯಲಕ್ಷ್ಮಿ ಎಂದು ಕರೆಯುವ ಡಿಸಿಎಚ್-32 ಹೈಬ್ರಿಡ್ ತಳಿಗಳನ್ನು ಕೊಟ್ಟರು. ಜಯಲಕ್ಷ್ಮಿಯ ನಾರನ್ನು ಕೈಯಲ್ಲಿ ಹಿಡಿದು ಎಳೆದು ನೋಡಿದವರಿಗೆ ಗೊತ್ತು, ರೇಷ್ಮೆಯ ಹಾಗೆ ಜಾರುತ್ತದೆ. ಹಾವೇರಿ, ಧಾರವಾಡ, ಎಚ್.ಡಿ. ಕೋಟೆ ಕಡೆಯ ರೈತರು ಅದನ್ನು ವರ್ಷಗಟ್ಟಲೆ ಬೆಳೆದರು. ಕೀಟದ ಕಾಟಕ್ಕೆ ಅದು ಬೇಗ ತುತ್ತಾಗುತ್ತಿತ್ತು. ಬಿಟಿ ಹತ್ತಿ ಬಂದ ಮೇಲೆ ಆ ಬೆಳೆ ಬಹಳ ಕುಗ್ಗಿತು, ಈಗ ನಮ್ಮ ಮಿಲ್ಲುಗಳು ಉದ್ದ ನಾರಿನ ಹತ್ತಿಯನ್ನು ಈಜಿಪ್ಟ್, ಅಮೆರಿಕಗಳಿಂದ ತರಿಸುತ್ತವೆ. ನನಗೆ ಇದು ಇವತ್ತಿಗೂ ಹೊಟ್ಟೆಯುರಿಯುವ ಸಂಗತಿ. ಇನ್ನೊಂದು ಮಾತು: ‘ಈಜಿಪ್ಟ್ ಹತ್ತಿ’ ಎಂಬ ಪದವೊಂದೇ ಭರವಸೆ ಅಲ್ಲ. ಅಲ್ಲಿ ಬೆಳೆದ ಹತ್ತಿಯಲ್ಲೂ ನಾರಿನ ಉದ್ದ ತಳಿಯಿಂದ ತಳಿಗೆ ಬೇರೆ.

ಅಳತೆ ಕುಗ್ಗಿದ್ದು 108ಕ್ಕೆ 4 ಇಂಚು, ಅಂದರೆ ಸುಮಾರು 3.7 ಶೇಕಡಾ. ಮಗ್ಗದ ಮೇಲೆ ಎಳೆದು ಕಟ್ಟಿದ ನೂಲು ನೀರು ಕಂಡಾಗ ಸಡಿಲಗೊಂಡು ಮೊದಲಿನ ಸ್ಥಿತಿಗೆ ಮರಳುತ್ತದೆ. ಹತ್ತಿಗೆ 3ರಿಂದ 5 ಶೇಕಡಾ ಮಾಮೂಲು. ಸ್ಯಾನ್‌ಫರೈಸ್ ಮಾಡಿದ, ಅಂದರೆ ಮಿಲ್ಲಿನಲ್ಲೇ ಮೊದಲು ಕುಗ್ಗಿಸಿದ ಬಟ್ಟೆಯಾದರೆ 1 ಶೇಕಡಾ ಒಳಗೇ ನಿಲ್ಲುತ್ತದೆ. ಇನ್ನು ಮೇಲೆ ಕುಗ್ಗುವುದಿಲ್ಲ, ಚಿಂತೆ ಬಿಡಿ.

ನಿಜವಾದ ತೊಂದರೆಗೆ ಬರೋಣ. ನಿಮ್ಮ ಮನೆಯ ನೀರಿನಲ್ಲಿ ತೊಗರಿಬೇಳೆ ಬೇಯಲು ಹೊತ್ತು ಹಿಡಿಯುತ್ತದೆಯೇ? ಗೀಸರ್ ಕಾಯಿಲ್ ಮೇಲೆ, ಬಿಸಿನೀರಿನ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆಯೇ? ಹಾಗಿದ್ದರೆ ನೀರು ಗಡಸು, ಅದರಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ತುಂಬಿವೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹಾಕಿರುವ ಗೆರೆ ಲೀಟರಿಗೆ 200 ಮಿಲಿಗ್ರಾಂ ಗಡಸುತನ, ಬೇರೆ ನೀರಿಲ್ಲದಿದ್ದರೆ 600ರ ತನಕ ಒಪ್ಪಬಹುದು ಎನ್ನುತ್ತದೆ. 600ರ ನೀರು ಕುಡಿಯಲು ನಡೆದೀತು, ಬಿಳಿ ಬಟ್ಟೆಗೆ ನಡೆಯದು. ಸೋಪಿನ ಜೊತೆ ಈ ಲವಣಗಳು ಸೇರಿದಾಗ ಹಾಲು ಒಡೆದ ಹಾಗೆ ಬೂದು ಗಸಿ ಹುಟ್ಟುತ್ತದೆ. ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಆ ಗಸಿ ಎಳೆಗಳ ಸಂದಿಗೆ ಇಳಿದು ಕೂರುತ್ತದೆ, ಮೈಯ ಕೊಳೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಶೀಟಿನ ಬೂದು ಬಣ್ಣ ಅದೇ. ನೀರು ಗಡಸೆಂದು ಡಿಟರ್ಜೆಂಟ್ ಕಡಿಮೆ ಮಾಡುವವರಿದ್ದಾರೆ. ಅದು ತಪ್ಪು, ಗಡಸು ನೀರಿಗೆ ಸ್ವಲ್ಪ ಹೆಚ್ಚೇ ಬೇಕು.

ತಲೆಯ ಕಡೆಯ ಹಳದಿಗೆ ಕಾರಣ ಬೇರೆ. ತಲೆಗೆ ಹಚ್ಚುವ ಎಣ್ಣೆ, ಮುಖದ ಜಿಡ್ಡು, ಬೆವರು ನಾರಿನೊಳಗೆ ಇಳಿದು ಗಾಳಿಯ ಜೊತೆ ವರ್ತಿಸಿ ಹಳದಿಯಾಗುತ್ತವೆ. ತಣ್ಣೀರಿನ ಒಗೆತಕ್ಕೆ ಈ ಜಿಡ್ಡು ಜಗ್ಗುವುದಿಲ್ಲ. ನಿಮ್ಮ ಮೆಷಿನ್ 30 ಡಿಗ್ರಿಯಲ್ಲೇ ಓಡುತ್ತಿದ್ದರೆ, ಎಂಟು ತಿಂಗಳ ಎಣ್ಣೆ ಪದರ ಪದರವಾಗಿ ಅಲ್ಲೇ ಇದೆ ಎಂದುಕೊಳ್ಳಿ.

ಬ್ಲೀಚ್ ಹಾಕಿದ ಮೇಲೆ ಹಳದಿ ಹೆಚ್ಚಿದ್ದು ಏಕೆ? ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಕರಗಿರುತ್ತದೆ, ಕಣ್ಣಿಗೆ ಕಾಣದು. ಕ್ಲೋರಿನ್ ಬ್ಲೀಚ್ ಅದನ್ನು ತುಕ್ಕಾಗಿ ಬದಲಿಸುತ್ತದೆ, ತುಕ್ಕು ಬಟ್ಟೆಗೇ ಅಂಟುತ್ತದೆ. ಜೊತೆಗೆ ಬ್ಲೀಚ್ ಜಾಸ್ತಿಯಾದಾಗ ಕೊಳೆಯ ಜೊತೆ ಹತ್ತಿಯ ನಾರನ್ನೂ ತಿನ್ನುತ್ತದೆ. ತಿಂದ ನಾರು ಬಿಸಿ ತಾಗಿದಾಗ ತಾನೇ ಹಳದಿಯಾಗುತ್ತದೆ, ಬಲವನ್ನೂ ಕಳೆದುಕೊಳ್ಳುತ್ತದೆ. ನೀವು ಬರೆದಿಲ್ಲ, ಆದರೆ ಹರಿದದ್ದು ನಟ್ಟನಡುವೆ ಎಂದರೆ ನನ್ನ ಅನುಮಾನ ಒಂದೇ: ಬ್ಲೀಚನ್ನು ನೀರಿಗೆ ಬೆರೆಸದೆ ನೇರವಾಗಿ ಬಟ್ಟೆಯ ಮೇಲೆ ಸುರಿದಿರಬೇಕು. ಹರಿದ ಅಂಚಿನ ಹತ್ತಿರ ಒಂದು ಎಳೆ ಬಿಡಿಸಿ ಎಳೆದು ನೋಡಿ. ಜಗ್ಗದೆ ಪುಡಿಯಾದ ಹಾಗೆ ತುಂಡಾದರೆ ಅಲ್ಲಿನ ನಾರು ಸತ್ತಿದೆ. ಅದಕ್ಕೆ ಯಾವ ಮದ್ದೂ ಇಲ್ಲ.

ಗಟ್ಟಿಯಿರುವ ಶೀಟುಗಳಿಗೆ ಮಾಡಬೇಕಾದ್ದನ್ನು ಹೇಳುತ್ತೇನೆ. ಕ್ರಮ ಮುಖ್ಯ, ಹಿಂದುಮುಂದು ಮಾಡಬೇಡಿ. ಮೊದಲು ಹುಳಿ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲವನ್ನು 10 ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಕರಗಿಸಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅರ್ಧ ಗಂಟೆ ನೆನೆಸಿ. ಗಡಸು ಪೊರೆಯೂ ಕಬ್ಬಿಣವೂ ಬಿಡುತ್ತವೆ. ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಆಶ್ಚರ್ಯಪಡಬೇಡಿ. ಆಮೇಲೆ ಮೂರು ನೀರಿನಲ್ಲಿ ಜಾಲಿಸಿ. ಹುಳಿ ಉಳಿದ ಬಟ್ಟೆಗೆ ಇಸ್ತ್ರಿ ತಾಗಿದರೆ ನಾರು ಸುಟ್ಟ ಹಾಗೆ ಬಲಹೀನವಾಗುತ್ತದೆ. ಮತ್ತೊಂದು ಎಚ್ಚರಿಕೆಯನ್ನು ದಯವಿಟ್ಟು ನೆನಪಿಡಿ: ನಿಂಬೆ ಉಪ್ಪಾಗಲಿ ವಿನೆಗರ್ ಆಗಲಿ ಕ್ಲೋರಿನ್ ಬ್ಲೀಚಿನ ಜೊತೆ ಯಾವತ್ತೂ ಸೇರಬಾರದು, ವಿಷದ ಕ್ಲೋರಿನ್ ಅನಿಲ ಹೊರಬರುತ್ತದೆ.

ಹುಳಿ ಪೂರ್ತಿ ತೊಳೆದುಹೋದ ಮೇಲೆ ಆಕ್ಸಿಜನ್ ಬ್ಲೀಚ್, ಅಂದರೆ ಸೋಡಿಯಂ ಪರ್ಕಾರ್ಬೊನೇಟ್. 10 ಲೀಟರ್ ಬಿಸಿನೀರು, ಎರಡು ದೊಡ್ಡ ಚಮಚ ಪುಡಿ, ಜೊತೆಗೆ ಎಂದಿನ ಡಿಟರ್ಜೆಂಟ್, ನಾಲ್ಕೈದು ಗಂಟೆ. ನೀರು 50 ಡಿಗ್ರಿಯ ಆಸುಪಾಸು ಇರಬೇಕು, ತಣ್ಣೀರಿನಲ್ಲಿ ಇದು ಮಲಗಿಯೇ ಇರುತ್ತದೆ. ಕೈಗೆ ಗ್ಲೌಸ್ ಇರಲಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ದ್ರಾವಣ ತುಂಬಿಡಬೇಡಿ, ಅನಿಲ ಉಕ್ಕಿ ಡಬ್ಬಿ ಸಿಡಿಯಬಹುದು. ಈ ಕ್ರಮಕ್ಕೆ ಯಾಕಿಷ್ಟು ಒತ್ತು ಕೊಡುತ್ತೇನೆ ಎಂದರೆ, ಮಿಲ್ಲಿಗೆ ಸೇರಿದ ಎರಡನೆಯ ವರ್ಷ ನನ್ನ ಪಾಳಿಯಲ್ಲೇ ಒಂದು ಅನಾಹುತವಾಯಿತು. ಪೆರಾಕ್ಸೈಡ್ ಬ್ಲೀಚಿಂಗಿಗೆ ಹೋದ ಬಟ್ಟೆಯಲ್ಲಿ ಎಲ್ಲೋ ತುಕ್ಕಿನ ಕಣಗಳು ಸೇರಿದ್ದವು. ಹೊರಬಂದಾಗ ಬಟ್ಟೆ ಹಾಲಿನಷ್ಟು ಬೆಳ್ಳಗಿತ್ತು. ಮೇಜಿನ ಕೆಳಗಿನಿಂದ ದೀಪ ಹಿಡಿದು ನೋಡಿದರೆ, ಥಾನಿನ ಉದ್ದಕ್ಕೂ ಸಾಸಿವೆ ಕಾಳಿನಷ್ಟು ಸಣ್ಣ ತೂತುಗಳು, ಒಂದೊಂದರಲ್ಲೂ ಬೆಳಕು ಮಿನುಗುತ್ತಿತ್ತು. ಕಬ್ಬಿಣ ಇದ್ದ ಕಡೆ ಪೆರಾಕ್ಸೈಡ್ ಕೆರಳಿ ನಾರನ್ನೇ ತಿಂದಿತ್ತು. ಪರ್ಕಾರ್ಬೊನೇಟ್ ನೀರಿನಲ್ಲಿ ಬಿಡುವುದೂ ಅದೇ ಪೆರಾಕ್ಸೈಡನ್ನು. ಅದಕ್ಕೇ ಮೊದಲು ಹುಳಿಯಲ್ಲಿ ಕಬ್ಬಿಣ ತೆಗೆಯಬೇಕು, ಆಮೇಲೆ ಬಿಳುಪು ಮಾಡಬೇಕು.

ಒಂದೇ ಸಲಕ್ಕೆ ಹಳದಿ ಪೂರ್ತಿ ಹೋಗದಿದ್ದರೆ ವಾರ ಬಿಟ್ಟು ಇನ್ನೊಮ್ಮೆ ಮಾಡಿ. ಮೂರನೆಯ ಸಲಕ್ಕೂ ಉಳಿದದ್ದು ಬ್ಲೀಚ್ ತಿಂದ ನಾರಿನ ಹಳದಿ, ಅದು ಹೋಗುವುದಿಲ್ಲ. ಅದಕ್ಕೆ ನಮ್ಮ ಹಳೆಯ ನೀಲಿಯೇ ಸರಿ. ನೀಲಿ ಕೊಳೆ ತೆಗೆಯುವುದಿಲ್ಲ, ಹಳದಿಯನ್ನು ಕಣ್ಣಿಗೆ ಮರೆಮಾಡುತ್ತದೆ. ನೀರಿನಲ್ಲಿ ಚೆನ್ನಾಗಿ ಕದಡಿದ ಮೇಲೆ ಬಟ್ಟೆ ಅದ್ದಿ, ಇಲ್ಲದಿದ್ದರೆ ಚುಕ್ಕೆ ಬೀಳುತ್ತದೆ. ಅಡುಗೆ ಸೋಡಾ ಮತ್ತು ವಿನೆಗರ್ ಒಟ್ಟಿಗೆ ಹಾಕಿದರೆ ಕೊಳೆ ಕಿತ್ತುಬರುತ್ತದೆ ಎಂಬ ಸಲಹೆ ಮೊಬೈಲಿನಲ್ಲಿ ಓಡಾಡುತ್ತದೆ. ಅವೆರಡೂ ಒಂದನ್ನೊಂದು ಕೊಂದುಕೊಳ್ಳುತ್ತವೆ, ನೊರೆ ಬಿಟ್ಟು ಬೇರೇನೂ ಆಗದು. ಸಾಫ್ಟ್‌ನರ್ ಕೂಡ ಬೇಡ. ಅದು ನಾರಿನ ಮೇಲೆ ಜಿಡ್ಡಿನ ಪದರ ಹಚ್ಚುತ್ತದೆ, ಪರ್ಕೇಲಿನ ಮುಖ್ಯ ಗುಣವಾದ ಬೆವರು ಹೀರುವುದನ್ನೇ ಕಟ್ಟಿಹಾಕುತ್ತದೆ.

ಇನ್ನು ಮುಂದೆ ವಾರಕ್ಕೊಮ್ಮೆ ಒಗೆಯಿರಿ, ಬಿಳಿ ಹತ್ತಿಗೆ 60 ಡಿಗ್ರಿ ಭಯವಿಲ್ಲ. ದಿಂಬಿನ ಕವರನ್ನು ಮೂರು ದಿನಕ್ಕೇ ಬದಲಿಸಿದರೆ ಎಣ್ಣೆ ಇಳಿಯುವ ಮೊದಲೇ ಹೋಗುತ್ತದೆ. ಒಂದು ಡಬಲ್ ಶೀಟು, ಎರಡು ಕವರು, ಅಷ್ಟೇ ಒಂದು ಸಲಕ್ಕೆ. ಟವೆಲ್, ಜಿಪ್ ಇರುವ ಪ್ಯಾಂಟು ಜೊತೆಗೆ ಬೇಡ. ತಿಂಗಳಿಗೊಮ್ಮೆ ನಿಂಬೆ ಉಪ್ಪಿನ ನೀರಿನಲ್ಲಿ ಅದ್ದಿ ಜಾಲಿಸಿದರೆ ಪೊರೆ ಕಟ್ಟುವುದಿಲ್ಲ. ಮಳೆನೀರು ಹಿಡಿಯುವ ವ್ಯವಸ್ಥೆ ಇದ್ದರೆ ಕೊನೆಯ ಜಾಲಿಕೆಗೆ ಅದನ್ನೇ ಬಳಸಿ, ಅಷ್ಟು ಮೆದು ನೀರು ಬೇರೆಲ್ಲೂ ಸಿಗದು. ಬಟ್ಟೆ ಬಂದ ಪ್ಲಾಸ್ಟಿಕ್ ಚೀಲದಲ್ಲೇ ಕಪಾಟಿನಲ್ಲಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಆ ಪ್ಲಾಸ್ಟಿಕ್ಕಿನಲ್ಲಿರುವ ಕೆಲವು ರಾಸಾಯನಿಕಗಳೇ ಮಡಿಕೆಯ ಗೆರೆಯುದ್ದಕ್ಕೂ ಹಳದಿ ತರಿಸುತ್ತವೆ. ಹಳೆಯ ಪಂಚೆಯಲ್ಲಿ ಸುತ್ತಿಡಿ.

ಹೊಸದು ಕೊಳ್ಳುವಾಗ ಅಂಗಡಿಯಲ್ಲಿ ಕೇಳಬೇಕಾದ್ದು: ಸಿಂಗಲ್ ಪ್ಲೈ, ಅಂದರೆ ಹುರಿಮಾಡದ ಒಂಟಿ ಎಳೆಯ ನೂಲೇ, ಬಾಚಿದ ಉದ್ದ ನಾರೇ, ಎಷ್ಟರ ನೂಲು, ಸ್ಯಾನ್‌ಫರೈಸ್ ಆಗಿದೆಯೇ. 200ರಿಂದ 300ರ ಒಳಗಿನ ಪರ್ಕೇಲ್ ನಿಮಗೆ ಸಾಕು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ನೇಯ್ಗೆ ಒಂದೇ ಸಮ ಇರಬೇಕು, ಗಂಟು ಮತ್ತು ದಪ್ಪ ಎಳೆ ಕಾಣಬಾರದು. ಬೆರಳಲ್ಲಿ ಉಜ್ಜಿದಾಗ ಬಿಳಿ ಹುಡಿ ಉದುರಿದರೆ ಅದು ಗಂಜಿಯ ತೂಕ, ಬೇಡ. ಸ್ಯಾನ್‌ಫರೈಸ್ ಆಗಿಲ್ಲ ಎಂದರೆ ಹಾಸಿಗೆಯ ಅಳತೆಗಿಂತ ನಾಲ್ಕೈದು ಇಂಚು ಉದ್ದದ್ದನ್ನೇ ಆರಿಸಿ. ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಇದ್ದಿದ್ದರೆ ಸ್ಯಾಟೀನ್ ಕೊಳ್ಳಿ ಎನ್ನುತ್ತಿದ್ದೆ. ಪಾಲಿಯೆಸ್ಟರ್ ಬೆರೆತದ್ದು ಸುಕ್ಕಾಗದು, ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ. ಆದರೆ ಸೆಕೆಗೆ ಮೈ ಅಂಟುತ್ತದೆ, ಎದ್ದ ಗುಂಜು ಉದುರದೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ.

ಹರಿದ ಶೀಟನ್ನು ಬಿಸಾಡಬೇಡಿ. ಪಕ್ಕದ ಅಂಚುಗಳ ಕಡೆ ಎಳೆ ಎಳೆದು ನೋಡಿ, ಬಹುಶಃ ಗಟ್ಟಿಯಾಗಿಯೇ ಇರುತ್ತದೆ. ಅಲ್ಲಿಂದ ನಾಲ್ಕು ದಿಂಬಿನ ಕವರು ಸಲೀಸಾಗಿ ಬರುತ್ತವೆ. ಲಾಂಡ್ರಿಯಲ್ಲಿ ನಾವು ಮಾಡುತ್ತಿದ್ದದ್ದೂ ಅದೇ. ಸೂಜಿ 11ನೇ ನಂಬರಿನದಿರಲಿ, ದಪ್ಪ ಸೂಜಿ ಈ ಒತ್ತು ನೇಯ್ಗೆಯಲ್ಲಿ ಎಳೆ ಕಡಿಯುತ್ತದೆ.